ಲೆಕ್ಕ ಹೊಳೆಯದಿದ್ದಾಗ ಉತ್ತರ ಯಾವಾಗ ನೋಡಬೇಕು? (ಮಗಳ ಒಂದು ಲೆಕ್ಕವೂ ಜೊತೆಗಿದೆ)

ಬೆಣ್ಣೆನಗರಿ · ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಮಗಳು ಫಸ್ಟ್ ಪಿಯುಸಿ, ಸೈನ್ಸ್. ಹೈಸ್ಕೂಲಿನಿಂದಲೂ ಒಲಿಂಪಿಯಾಡ್ ತರಹದ ಲೆಕ್ಕ ಅಂದ್ರೆ ಪ್ರಾಣ. ಪಠ್ಯದ ಲೆಕ್ಕ ಬೇಗ ಮುಗಿಸಿ ಇವನ್ನು ಹಿಡಿದು ಕೂರುತ್ತಾಳೆ. ಒಂದೊಂದು ಲೆಕ್ಕ ದಿನಗಟ್ಟಲೆ ನಡೆಯುತ್ತೆ. ಊಟದ ತಟ್ಟೆ ಪಕ್ಕದಲ್ಲೂ ಒಂದು ಚೀಟಿ, ಒಂದು ಪೆನ್ಸಿಲ್.

ಅವಳ ಲೆಕ್ಚರರ್ ಒಬ್ಬರು, ಹತ್ತು ನಿಮಿಷ ನೋಡು, ಹೊಳೆಯದಿದ್ದರೆ ಸೊಲ್ಯೂಷನ್ ಓದಿ ಮುಂದಿನದಕ್ಕೆ ಹೋಗು ಅಂದಿದ್ದಾರೆ. ಇವಳು ಒಪ್ಪೋದಿಲ್ಲ. ನಾನು ಕಾಮರ್ಸ್ ಓದಿದವನು, ಯಾರ ಪರ ಮಾತಾಡಬೇಕು ಅಂತ ಗೊತ್ತಾಗುತ್ತಿಲ್ಲ. ಎಷ್ಟು ಹೊತ್ತು ಕೂರೋದು ಸರಿ? ನಿಮ್ಮಲ್ಲಿ ಇಂಥ ಲೆಕ್ಕ ಮಾಡಿದವರು, ಮಾಡಿಸಿದವರು ಹೇಳಿ.

ಈಗ ಅವಳ ತಲೆ ತಿನ್ನುತ್ತಿರುವ ಲೆಕ್ಕ ಇದು: ಯಾವುದಾದರೂ 10 ಬೇರೆ ಬೇರೆ ಎರಡಂಕಿ ಸಂಖ್ಯೆ ಬರೆಯಿರಿ. ಅವು ಯಾವುವೇ ಆಗಿರಲಿ, ಅವುಗಳಲ್ಲೇ ಎರಡು ಗುಂಪು ಆರಿಸಿ ಎರಡರ ಮೊತ್ತವೂ ಒಂದೇ ಬರುವಂತೆ ಮಾಡಬಹುದು ಅಂತ ಸಾಧಿಸಿ. ಒಂದೇ ಸಂಖ್ಯೆ ಎರಡೂ ಗುಂಪಿನಲ್ಲಿ ಇರಬಾರದು. ಹತ್ತನ್ನೂ ಬಳಸಲೇಬೇಕು ಅಂತಿಲ್ಲ.

ಅವಳು ಬರೆದ ಒಂದು ಪಟ್ಟಿ: 12, 17, 23, 31, 38, 45, 56, 67, 79, 94. ಇದರಲ್ಲಿ 12 + 67 = 79 ಸಿಕ್ಕಿತು. 38 + 56 = 94 ಕೂಡ. ಪ್ರತಿ ಪಟ್ಟಿಯಲ್ಲೂ ಏನಾದರೊಂದು ಸಿಗುತ್ತಿದೆ. ಯಾಕೆ ಯಾವಾಗಲೂ ಸಿಗಲೇಬೇಕು ಅನ್ನೋದು ಹೊಳೆಯುತ್ತಿಲ್ಲ.

ದಯವಿಟ್ಟು ಪೂರ್ತಿ ಉತ್ತರ ಹಾಕಬೇಡಿ. ಅವಳು ಇಲ್ಲಿ ಓದುತ್ತಾಳೆ.

ಮಂಡ್ಯ_ಹೈದ · 9:20

ಕೂರಲಿ ಬಿಡಿ ಸಾರ್. ಮೊಬೈಲ್ ಹಿಡಿದು ಕೂರೋದಕ್ಕಿಂತ ಎಷ್ಟೋ ಮೇಲು.

ರ‍್ಯಾಂಕ್_ಗುರಿ · 9:31

ಲೆಕ್ಚರರ್ ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ನಾನು ಪಿಯು ಮಕ್ಕಳಿಗೆ ಟ್ಯೂಷನ್ ಮಾಡ್ತೀನಿ. ಕೆಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ ಒಂದೂಕಾಲು ನಿಮಿಷ ಚಿಲ್ಲರೆ. ಅಲ್ಲಿ ಯೋಚನೆ ಮಾಡೋಕೆ ಕೂತರೆ ಮುಗೀತು, ನೋಡಿದ ತಕ್ಷಣ ಕೈ ಓಡಬೇಕು. ಕೈ ಓಡಬೇಕಾದರೆ ತುಂಬಾ ಲೆಕ್ಕ ನೋಡಿರಬೇಕು. ಒಂದೇ ಲೆಕ್ಕಕ್ಕೆ ವಾರ ಕೊಟ್ಟರೆ ತುಂಬಾ ಲೆಕ್ಕ ಯಾವಾಗ ನೋಡ್ತಾರೆ? ಎರಡು ವರ್ಷ ಅಷ್ಟೇ ಇರೋದು. ಆಮೇಲೆ ಜೀವನ ಪೂರ್ತಿ ಇಂಥ ಲೆಕ್ಕ ಮಾಡಬಹುದಲ್ವಾ.

ಲೆಕ್ಕದ_ಮೇಷ್ಟ್ರು · 9:48

ಮೇಲಿನವರು ಹೇಳಿದ್ದು ಕೆಸಿಇಟಿಗೆ ಸರಿ. ಆದರೆ ಬೆಣ್ಣೆನಗರಿಯವರು ಕೇಳಿದ್ದು ಬೇರೆಯೇ ಜಾತಿಯ ಲೆಕ್ಕದ ಬಗ್ಗೆ. ಇಂಟರ್‌ನ್ಯಾಷನಲ್ ಒಲಿಂಪಿಯಾಡಿನಲ್ಲಿ ಎರಡು ದಿನ, ದಿನಕ್ಕೆ ಮೂರೇ ಪ್ರಶ್ನೆ, ನಾಲ್ಕೂವರೆ ಗಂಟೆ. ಒಂದು ಪ್ರಶ್ನೆಗೆ ಒಂದೂವರೆ ಗಂಟೆ ಬಂತು. ಜಗತ್ತಿನ ಅತಿ ಚುರುಕಾದ ಮಕ್ಕಳಿಗೇ ಅಷ್ಟು ಹೊತ್ತು ಕೊಡ್ತಾರೆ ಅಂದ್ರೆ ಹತ್ತು ನಿಮಿಷದಲ್ಲಿ ಹೊಳೆಯದಿರೋದು ದೋಷ ಅಲ್ಲ. ಆ ಲೆಕ್ಕ ಮಾಡಿರೋದೇ ಹಾಗೆ.

ಅಂದಹಾಗೆ ಮಗಳು ಹಿಡಿದಿರೋದು 1972ರ ಒಲಿಂಪಿಯಾಡಿನ ಮೊದಲ ಪ್ರಶ್ನೆ. ಆ ವರ್ಷ ಅದು ಪೋಲೆಂಡಿನ ತೊರುನ್ ಊರಿನಲ್ಲಿ ನಡೆದಿತ್ತು. ಒಳ್ಳೇ ಲೆಕ್ಕವನ್ನೇ ಆರಿಸಿದ್ದಾಳೆ.

ಮಗೂ, ನೀನು ಓದುತ್ತಿದ್ದರೆ ಒಂದೇ ಒಂದು ಮಾತು: ಗುಂಪುಗಳನ್ನು ಹುಡುಕೋದು ನಿಲ್ಲಿಸು, ಎಣಿಸು.

ಸೊನ್ನೆಒಂದು · 9:55

ಇದು ತುಂಬಾ ಸುಲಭ. 10 ಸಂಖ್ಯೆಗಳಿಂದ ಖಾಲಿ ಅಲ್ಲದ 2¹⁰ − 1 = 1023 ಗುಂಪು. ಮೊತ್ತ ಹೆಚ್ಚೆಂದರೆ 90 + 91 + … + 99 = 945. ಗುಂಪು ಜಾಸ್ತಿ, ಮೊತ್ತ ಕಡಿಮೆ. ಪಾರಿವಾಳ-ಗೂಡು ತತ್ವದಂತೆ ಎರಡು ಗುಂಪಿಗೆ ಒಂದೇ ಮೊತ್ತ. ಮುಗೀತು.

ಶರಾವತಿ · 9:57

ಪೂರ್ತಿ ಉತ್ತರ ಹಾಕಬೇಡಿ ಅಂತ ಮೊದಲ ಪೋಸ್ಟಿನಲ್ಲೇ ಬರೆದಿದ್ದಾರೆ!! ಆ ಹುಡುಗಿ ದಿನಗಟ್ಟಲೆ ಕೂತು ಯೋಚಿಸುತ್ತಿರೋದನ್ನ ಮೂರು ಸಾಲಿನಲ್ಲಿ ಕಿತ್ತುಕೊಂಡ್ರಿ.

ಸೊನ್ನೆಒಂದು · 10:01

ಇಲ್ಲಿ ಹಾಕದಿದ್ದರೂ ಹುಡುಕಿದರೆ ಎಲ್ಲಿ ಬೇಕಾದರೂ ಸಿಗುತ್ತೆ ಮೇಡಂ. ಉಪಾಯ ಗೊತ್ತಾದರೆ ಮುಂದೆ ಇಂಥದ್ದು ಹತ್ತು ಮಾಡಬಹುದು. ಅದೇ ತಾನೇ ರ‍್ಯಾಂಕ್_ಗುರಿ ಹೇಳಿದ್ದು.

ಶರಾವತಿ · 10:04

ಹುಡುಕಿದರೆ ಸಿಗುತ್ತೆ ಅಂತ ಅವಳಿಗೂ ಗೊತ್ತು. ಹುಡುಕದೆ ಕೂತಿದ್ದಾಳೆ. ಅದಕ್ಕೆ ಬೆಲೆ ಇಲ್ವಾ?

ಬೆಣ್ಣೆನಗರಿ · 10:10

ಸದ್ಯ ಅವಳು ಮಲಗಿದ್ದಾಳೆ. ಬೆಳಗ್ಗೆ ಈ ಪುಟ ತೆಗೆಯಬೇಡ ಅಂತ ಹೇಳ್ತೀನಿ. ಮೇಷ್ಟ್ರು ಕೊಟ್ಟ ಸುಳಿವು ಮಾತ್ರ ಚೀಟಿಯಲ್ಲಿ ಬರೆದುಕೊಡ್ತೀನಿ. ನೀವು ಚರ್ಚೆ ಮುಂದುವರಿಸಿ.

ಲೆಕ್ಕದ_ಮೇಷ್ಟ್ರು · 10:16

ಹಾಗಾದರೆ ಧೈರ್ಯವಾಗಿ ಬರೀತೀನಿ. ಸೊನ್ನೆಒಂದು ಅವರೇ, ನಿಮ್ಮ ಸಾಧನೆ ಮುಗಿದಿಲ್ಲ. ಒಂದೇ ಸಂಖ್ಯೆ ಎರಡೂ ಗುಂಪಿನಲ್ಲಿ ಇರಬಾರದು ಅಂತ ಪ್ರಶ್ನೆ ಹೇಳುತ್ತೆ. ನಿಮಗೆ ಸಿಕ್ಕ ಎರಡು ಗುಂಪಿನಲ್ಲೂ 45 ಇದ್ದರೆ? ಎರಡರಿಂದಲೂ 45 ತೆಗೆದುಹಾಕಬೇಕು. ಎರಡೂ ಕಡೆ ಅಷ್ಟೇ ಕಡಿಮೆಯಾಗುತ್ತೆ, ಮೊತ್ತ ಸಮವಾಗೇ ಉಳಿಯುತ್ತೆ. ತೆಗೆದ ಮೇಲೆ ಒಂದು ಗುಂಪು ಖಾಲಿಯಾದರೆ ಅದರ ಮೊತ್ತ ಸೊನ್ನೆ, ಇನ್ನೊಂದರದ್ದೂ ಸೊನ್ನೆ ಆಗಬೇಕು, ಅಂದ್ರೆ ಎರಡೂ ಗುಂಪು ಮೊದಲೇ ಒಂದೇ ಆಗಿದ್ದವು. ಅದು ಆಗೋ ಹಾಗಿಲ್ಲ. ಈ ಎರಡು ಸಾಲು ಬರೆಯದಿದ್ದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತೆ.

ಸೊಲ್ಯೂಷನ್ ಓದಿ ಮುಂದೆ ಹೋದವರಿಗೆ ಇಂಥ ಮೂಲೆಗಳು ಕಾಣೋದಿಲ್ಲ. ಉಪಾಯ ನೆನಪಿರುತ್ತೆ, ಅದು ಎಲ್ಲಿ ಸಡಿಲ ಅನ್ನೋದು ಕಾಣೋದಿಲ್ಲ.

ಪಿಯು_ಹುಡುಗ · 10:29

ಒಂದು ಡೌಟು. 10 ಯಾಕೆ? 9 ಸಂಖ್ಯೆ ತಗೊಂಡ್ರೂ ಆಗುತ್ತಾ? ನಾನು ಲೆಕ್ಕ ಹಾಕಿದೆ: 2⁹ − 1 = 511 ಗುಂಪು. ಮೊತ್ತ 91 + … + 99 = 855ರವರೆಗೆ ಹೋಗಬಹುದು. ಗೂಡೇ ಜಾಸ್ತಿ ಇದೆ. ಹಾಗಾದ್ರೆ 9ಕ್ಕೆ ಸುಳ್ಳಾ?

ಶರಾವತಿ · 10:33

ಸುಳ್ಳು ಅಂತ ಹೇಳೋಕಾಗಲ್ಲ. ಈ ದಾರಿಯಲ್ಲಿ ಸಾಧಿಸೋಕೆ ಆಗಲ್ಲ ಅಷ್ಟೆ. ಎರಡೂ ಬೇರೆ ಬೇರೆ. ಪ್ರಶ್ನೆ ಮಾತ್ರ ಬಹಳ ಚೆನ್ನಾಗಿದೆ ತಮ್ಮಾ.

ಸೊನ್ನೆಒಂದು · 10:52

ಪ್ರೋಗ್ರಾಂ ಬರೆದು ಹುಡುಕಿದೆ. 8 ಸಂಖ್ಯೆಗೆ ಸುಳ್ಳು. ಇದು ನೋಡಿ:

40, 60, 71, 77, 80, 82, 83, 84

255 ಗುಂಪು, 255 ಬೇರೆ ಬೇರೆ ಮೊತ್ತ. ಒಂದೂ ಎರಡನೇ ಸಲ ಬರೋದಿಲ್ಲ. 9ಕ್ಕೆ ಇಂಥ ಪಟ್ಟಿ ಸಿಗುತ್ತಿಲ್ಲ. ಇಲ್ಲ ಅಂತಲೇ ಕಾಣುತ್ತೆ.

ಪಿಯು_ಹುಡುಗ · 10:55

ಅಬ್ಬಾ! ನಾನು 1, 2, 4, 8, 16 ತರ ಹೋಗ್ತಾ ಇದ್ದೆ. ಆದರೆ ಅದರಲ್ಲಿ 10ಕ್ಕಿಂತ ಕೆಳಗಿನವು ಎರಡಂಕಿಯಲ್ಲ, ಎಂಟನೆಯದು 128 ಆಗಿ ಮೂರಂಕಿಗೆ ಹೋಗುತ್ತೆ. ಇವೆಲ್ಲ 80ರ ಸುತ್ತಮುತ್ತ ಒತ್ತಿಕೊಂಡಿವೆ, ಆದ್ರೂ ಮೊತ್ತ ಎಲ್ಲೂ ಡಿಕ್ಕಿ ಹೊಡೆಯಲ್ಲ. ಹೇಗೆ ಸಿಕ್ತು ಇಂಥ ಪಟ್ಟಿ?

ಡಬ್ಲಿನ್_ಕನ್ನಡಿಗ · 11:15

ಈ ಪಟ್ಟಿಗೆ ಇಬ್ಬರು ಗಣಿತಜ್ಞರ ಹೆಸರೇ ಇದೆ, ಕಾನ್ವೇ-ಗೈ. 84ರಿಂದ ಒಂದೊಂದನ್ನೂ ಕಳೆದು ನೋಡಿ: 44, 24, 13, 7, 4, 2, 1, 0. ಈ ಸಂಖ್ಯೆಗಳೇ ಚಿಕ್ಕ ಪಟ್ಟಿಗಳಿಗೂ ಕೆಲಸ ಮಾಡ್ತವೆ. 7ರಿಂದ 4, 2, 1, 0 ಕಳೆದರೆ 3, 5, 6, 7. ನಾಲ್ಕು ಸಂಖ್ಯೆ, 15 ಗುಂಪು, 15 ಬೇರೆ ಮೊತ್ತ. ಕೈಯಲ್ಲೇ ಮಾಡಿ ನೋಡಬಹುದು. 1, 2, 4, 8ರಲ್ಲಿ ದೊಡ್ಡದು 8, ಇಲ್ಲಿ 7ಕ್ಕೇ ಮುಗಿಯಿತು.

ದೊಡ್ಡ ಸಂಖ್ಯೆಯನ್ನು ಎಷ್ಟು ಕಡಿಮೆ ಮಾಡಬಹುದು ಅನ್ನೋದು ಗಣಿತಜ್ಞ ಪಾಲ್ ಏರ್ಡಿಶ್ ಕೇಳಿದ ಪ್ರಶ್ನೆ. 500 ಡಾಲರ್ ಬಹುಮಾನ ಇಟ್ಟಿದ್ದರು. ಸಂಖ್ಯೆಗಳ ಎಣಿಕೆ ಒಂದು ಹೆಚ್ಚಾದಂತೆ ಪಟ್ಟಿಯ ದೊಡ್ಡ ಸಂಖ್ಯೆ ಸುಮಾರಾಗಿ ದುಪ್ಪಟ್ಟು ಆಗಲೇಬೇಕು ಅಂತ ಅವರ ಊಹೆ. ಈಗಲೂ ಯಾರೂ ಪೂರ್ತಿ ಸಾಧಿಸಿಲ್ಲ. ಪಿಯುಸಿ ಹುಡುಗಿಯ ಲೆಕ್ಕದಿಂದ ಎರಡು ಹೆಜ್ಜೆ ಈ ಕಡೆ ಇಟ್ಟರೆ ಜಗತ್ತಿಗೇ ಗೊತ್ತಿಲ್ಲದ ಜಾಗ ಬರುತ್ತೆ. ನನಗೆ ಈ ವಿಷಯದಲ್ಲಿ ಇಷ್ಟವಾಗೋದೇ ಇದು.

ರ‍್ಯಾಂಕ್_ಗುರಿ · 11:22

ಇದೆಲ್ಲ ಸ್ವಾರಸ್ಯವೇ, ಇಲ್ಲ ಅನ್ನಲ್ಲ. ಆದರೆ ಯಾವ ಎಂಟ್ರೆನ್ಸಿನಲ್ಲೂ ಬರಲ್ಲ. ಅಪ್ಪ ಅಮ್ಮ ನನ್ನ ಹತ್ರ ಬಂದು ಕೇಳೋದು ಸೀಟಿನ ಬಗ್ಗೆ. ಅವರಿಗೆ ನಾನು ಏರ್ಡಿಶ್ ಕಥೆ ಹೇಳೋಕಾಗುತ್ತಾ? ಆ ಲೆಕ್ಚರರ್ ಮೇಲೂ ಅದೇ ಒತ್ತಡ ಇರುತ್ತೆ. ಅವರನ್ನು ಖಳನಾಯಕ ಮಾಡಬೇಡಿ.

ಶರಾವತಿ · 11:30

ಯಾರೂ ಖಳನಾಯಕ ಮಾಡಿಲ್ಲ. ಸೀಟು ಬೇಕು, ನಿಜ. ಬೆಳಗ್ಗೆ ಸೀಟಿನ ಓದು ಓದಲಿ, ಸಂಜೆ ಒಂದು ಗಂಟೆ ಇದು ಮಾಡಲಿ. ಎರಡನ್ನೂ ಒಂದೇ ಗಡಿಯಾರದಲ್ಲಿ ಅಳೆಯಬೇಡಿ ಅಂತ ನನ್ನ ವಾದ.

ಕೊಡಚಾದ್ರಿ · ಭಾನುವಾರ ಬೆಳಗ್ಗೆ 6:40

ತಡವಾಗಿ ಬಂದೆ. ನಾನು ಹಳ್ಳಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡ್ತೀನಿ, ಕನ್ನಡ ಮಾಧ್ಯಮ. ಕ್ಲಾಸಿನ ಹೊರಗೆ ಒಂದು ಕರಿಹಲಗೆ ಇಟ್ಟು ಸೋಮವಾರ ಒಂದು ಲೆಕ್ಕ ಬರೀತೀನಿ. ಉತ್ತರ ಶನಿವಾರವೇ. ನಡುವೆ ಯಾರು ಎಷ್ಟು ಕಾಡಿದರೂ ಹೇಳಲ್ಲ.

ಮೊದಮೊದಲು ಯಾರೂ ನಿಂತು ನೋಡ್ತಿರಲಿಲ್ಲ. ಕಾಪ್ರೇಕರ್ ಲೆಕ್ಕ ಬರೆದ ವಾರದಿಂದ ಶುರುವಾಯ್ತು. ನಾಲ್ಕಂಕಿಯ ಸಂಖ್ಯೆ ತಗೋ, ನಾಲ್ಕೂ ಅಂಕಿ ಒಂದೇ ಇರಬಾರದು. ಇಳಿಕೆಯಲ್ಲಿ ಜೋಡಿಸು, ಏರಿಕೆಯಲ್ಲಿ ಜೋಡಿಸು, ಕಳಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡು. 3524 ತಗೊಂಡ್ರೆ 5432 − 2345 = 3087. ಆಮೇಲೆ 8730 − 0378 = 8352. ಆಮೇಲೆ 8532 − 2358 = 6174. ಇನ್ನು ಮುಂದೆ ಎಷ್ಟು ಮಾಡಿದರೂ 6174. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಅಲ್ಲಿಗೇ ಬಂದು ನಿಲ್ಲುತ್ತೆ. ಇದನ್ನು 1949ರಲ್ಲಿ ಕಂಡುಹಿಡಿದ ಕಾಪ್ರೇಕರ್ ಕೂಡ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು ಅಂತ ಹೇಳಿದೆ. ಮಕ್ಕಳು ಬಸ್ ಟಿಕೆಟ್ ನಂಬರಿಗೆಲ್ಲ ಮಾಡಿ ನೋಡಿದರು.

ಆಮೇಲೆ ಒಬ್ಬ ಹುಡುಗ ಬಂದು, ಸಾರ್ ಮೂರಂಕಿಗೆ ಮಾಡಿದರೆ 495 ಬರುತ್ತೆ ಅಂದ. ನಾನು ಹೇಳಿಕೊಟ್ಟಿರಲಿಲ್ಲ. ಉತ್ತರ ಸೋಮವಾರವೇ ಹೇಳಿದ್ದರೆ ಅವನು ಮೂರಂಕಿಗೆ ಹೋಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ನೆಟ್ಟ ಸಸಿಯನ್ನು ದಿನಾ ಕಿತ್ತು ಬೇರು ನೋಡಿದರೆ ಬೆಳೆಯುತ್ತಾ?

ಮಂಡ್ಯ_ಹೈದ · 7:02

1729ಕ್ಕೆ ಮಾಡಿದೆ. 9721 − 1279 = 8442, 8442 − 2448 = 5994, 9954 − 4599 = 5355, 5553 − 3555 = 1998, 9981 − 1899 = 8082, 8820 − 0288 = 8532, 8532 − 2358 = 6174. ಸರಿಯಾಗಿ ಏಳು! ಬೆಳಗಿನ ಕಾಫಿ ಆರಿಹೋಯ್ತು.

ಪಿಯು_ಹುಡುಗ · 7:15

1729 ಅಂದ್ರೆ ರಾಮಾನುಜನ್ ಟ್ಯಾಕ್ಸಿ ನಂಬರು. ಅವರು ಎಲ್ಲಾನೂ ತಕ್ಷಣ ಹೇಳ್ತಿದ್ರಂತಲ್ಲ. ಅವರು ಕೂತು ಯೋಚಿಸ್ತಿದ್ರಾ?

ಡಬ್ಲಿನ್_ಕನ್ನಡಿಗ · 11:40

ತಕ್ಷಣ ಹೇಳಿದ ಕಥೆ ಇನ್ನೊಂದಿದೆ. 1914ರ ಡಿಸೆಂಬರ್, ಕೇಂಬ್ರಿಜ್. ಗೆಳೆಯ ಮಹಾಲನೋಬಿಸ್ ಸ್ಟ್ರ್ಯಾಂಡ್ ಮ್ಯಾಗಜಿನ್ನಿನ ಒಂದು ಒಗಟು ಓದಿ ಹೇಳಿದರು. ರಾಮಾನುಜನ್ ಒಲೆ ಮುಂದೆ ತರಕಾರಿ ಕೈಯಾಡಿಸುತ್ತಿದ್ದರು. ಒಗಟು ಏನೆಂದರೆ, ಬೆಲ್ಜಿಯಂನ ಲೂವೆನ್ ಊರಿನ ಒಂದು ಬೀದಿ. ಮನೆಗಳಿಗೆ 1, 2, 3 ಅಂತ ಸಾಲಾಗಿ ನಂಬರು. ಒಂದು ಮನೆಯ ಎಡಕ್ಕಿರುವ ನಂಬರುಗಳ ಮೊತ್ತವೂ ಬಲಕ್ಕಿರುವ ನಂಬರುಗಳ ಮೊತ್ತವೂ ಸಮ. ಬೀದಿಯಲ್ಲಿ 50ಕ್ಕಿಂತ ಜಾಸ್ತಿ, 500ಕ್ಕಿಂತ ಕಡಿಮೆ ಮನೆ. ಆ ಮನೆ ನಂಬರು ಎಷ್ಟು?

ರಾಮಾನುಜನ್ ಒಂದು ಉತ್ತರ ಹೇಳಲಿಲ್ಲ. ಇಂಥ ಎಲ್ಲ ಬೀದಿಗಳಿಗೂ ಉತ್ತರ ಕೊಡುವ ಒಂದು ಕಂಟಿನ್ಯೂಡ್ ಫ್ರ್ಯಾಕ್ಷನ್ (ಛೇದದೊಳಗೆ ಮತ್ತೆ ಮತ್ತೆ ಭಿನ್ನರಾಶಿ ಬರುತ್ತಾ ಹೋಗುವ ರೂಪ) ಹೇಳಿದರು. 2ರ ವರ್ಗಮೂಲಕ್ಕೆ ಹತ್ತಿರ ಹತ್ತಿರ ಬರುವ ಭಿನ್ನರಾಶಿಗಳು ಗೊತ್ತಲ್ಲ: 3/2, 7/5, 17/12, 41/29, 99/70, 239/169, 577/408. ಒಂದು ಬಿಟ್ಟು ಒಂದು ತಗೊಳ್ಳಿ. 17/12ರಲ್ಲಿ 17ರಿಂದ ಒಂದು ಕಳೆದು ಅರ್ಧ ಮಾಡಿದರೆ 8 ಮನೆ, 12ರ ಅರ್ಧ 6ನೇ ಮನೆ. 1 + 2 + 3 + 4 + 5 = 15, 7 + 8 = 15. ಸರಿ ಹೋಯ್ತು. 99/70ರಿಂದ 49 ಮನೆ, 35ನೆಯದು. 577/408ರಿಂದ 288 ಮನೆ, 204ನೆಯದು. ಒಗಟಿನ ಉತ್ತರ ಅದೇ.

ಆದರೆ ಇದು ತಕ್ಷಣ ಬಂತು ಅನ್ನೋದು ಕಥೆಯ ಕೊನೆ ಮಾತ್ರ. ಕುಂಭಕೋಣದಲ್ಲಿ ಹುಡುಗನಾಗಿದ್ದಾಗಿಂದ ಸ್ಲೇಟು, ನೋಟ್‌ಬುಕ್ ಹಿಡಿದು ವರ್ಷಗಟ್ಟಲೆ ಕೂತಿದ್ದವರು ಅವರು. ಆ ವರ್ಷಗಳನ್ನು ಬಿಟ್ಟು ಒಲೆ ಮುಂದಿನ ಒಂದು ನಿಮಿಷ ಮಾತ್ರ ಮಕ್ಕಳಿಗೆ ಹೇಳಬೇಡಿ.

ಶರಾವತಿ · 11:52

ನೋಡಿದ್ರಾ, 577 ಮತ್ತೆ ಬಂತು! ರಾತ್ರಿಯ 40, 60, 71, 77, 80, 82, 83, 84 ಕೂಡಿಸಿದರೂ 577. ಎರಡಕ್ಕೂ ಸಂಬಂಧ ಇದೆ ಅಂತ ಅನಿಸೋದಿಲ್ಲ, ಆದರೂ ಖುಷಿಯಾಯ್ತು.

ಗುಮ್ಮಟನಗರಿ · 12:10

ಈ ಬೀದಿ ಲೆಕ್ಕ ನಮ್ಮ ಭಾಸ್ಕರಾಚಾರ್ಯರಿಗೆ ನೀರು ಕುಡಿದಷ್ಟು ಸುಲಭ. ಒಂದು ವರ್ಗಕ್ಕೂ ಇನ್ನೊಂದು ವರ್ಗದ ಎಂಟರಷ್ಟಕ್ಕೂ 1 ವ್ಯತ್ಯಾಸ ಇರಬೇಕು ಅನ್ನೋ ಸಮೀಕರಣ ಅದು. ಅವರು 1150ರಲ್ಲಿ ಚಕ್ರವಾಲ ವಿಧಾನದಿಂದ 61ರ ಲೆಕ್ಕವನ್ನೇ ಬಿಡಿಸಿದ್ದರು. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ವರ್ಗ ಬರಬೇಕು. ಅತಿ ಚಿಕ್ಕ ಉತ್ತರವೇ 226153980 ಮತ್ತು 1766319049. ಫ್ರಾನ್ಸಿನ ಫರ್ಮಾ ಅದೇ 61ನ್ನು 1657ರಲ್ಲಿ ಯುರೋಪಿನವರಿಗೆ ಸವಾಲಾಗಿ ಹಾಕಿದ. ನಮ್ಮ ವಿಜಯಪುರದ ನೆಲದವರು ಐನೂರು ವರ್ಷ ಮೊದಲೇ ಮುಗಿಸಿದ್ದರು.

ಡಬ್ಲಿನ್_ಕನ್ನಡಿಗ · 12:24

ಲೆಕ್ಕದ ಮಾತು ನೂರಕ್ಕೆ ನೂರು ಸರಿ. ಊರಿನ ಬಗ್ಗೆ ವಿವಾದ ಇದೆ ಗುಮ್ಮಟನಗರಿಯವರೇ. ಅವರು ಹೇಳಿಕೊಂಡಿದ್ದು ವಿಜ್ಜಡವಿಡ, ಸಹ್ಯಾದ್ರಿಯ ಮಡಿಲಿನ ಊರು ಅಂತ. ಮೊಮ್ಮಗ ಚಂಗದೇವ ಕಟ್ಟಿದ ಪಾಠಶಾಲೆಯ 1207ರ ಶಾಸನ ಸಿಕ್ಕಿರೋದು ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರ. ವಿಜಯಪುರದಿಂದ ಸಹ್ಯಾದ್ರಿ ಎಲ್ಲಿ, ಎಷ್ಟು ದೂರ?

ಗುಮ್ಮಟನಗರಿ · 12:31

ಮೊಮ್ಮಗ ಶಾಲೆ ಎಲ್ಲಿ ಕಟ್ಟಿದ ಅನ್ನೋದರಿಂದ ಅಜ್ಜ ಹುಟ್ಟಿದ ಊರು ತೀರ್ಮಾನ ಆಗೋದಿಲ್ಲರೀ. ನನ್ನ ಮೊಮ್ಮಕ್ಕಳು ಬೆಂಗಳೂರಾಗ ಅದಾರ, ಅದಕ್ಕ ನಾನು ಬೆಂಗಳೂರಾಂವ ಆಗ್ತೀನೇನು?

ಕೊಡಚಾದ್ರಿ · 12:45

ಇಬ್ಬರೂ ಜಗಳ ನಿಲ್ಲಿಸಿ, ನಿರ್ವಿವಾದವಾಗಿ ಕನ್ನಡ ನಾಡಿನ ಅರಸನ ಹೆಸರಿರೋ ಲೆಕ್ಕ ಒಂದು ಕೊಡ್ತೀನಿ. ಮಹಾವೀರಾಚಾರ್ಯ, ಸುಮಾರು 850, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ. ಗಣಿತಸಾರಸಂಗ್ರಹದ ಶುರುವಿನಲ್ಲೇ ನೃಪತುಂಗನನ್ನು ಹೊಗಳಿದ್ದಾರೆ. ಅದರಲ್ಲಿ ಹಾರದಂತೆ ಎರಡು ತುದಿಯಿಂದಲೂ ಒಂದೇ ತರ ಓದುವ ಗುಣಲಬ್ಧಗಳಿವೆ. ಒಂದು ಹೀಗಿದೆ:

27994681 × 441 = 12345654321

ಹಲಗೆಯ ಮೇಲೆ ಬರೆದು, 441 ಯಾಕೆ, ಇನ್ನೊಂದು ಯಾಕೆ, ಹೇಗೆ ಹೊಳೆದಿರಬಹುದು ಅಂತ ಕೇಳಿ.

ಪಿಯು_ಹುಡುಗ · 1:20

ಸಿಕ್ತು ಸಾರ್! 12345654321 ಅಂದ್ರೆ 111111ರ ವರ್ಗ. 111111 = 21 × 5291. 21ರ ವರ್ಗ 441, 5291ರ ವರ್ಗ 27994681. ಅವರು ವರ್ಗವನ್ನು ಎರಡಾಗಿ ಒಡೆದು ಬಚ್ಚಿಟ್ಟಿದ್ದಾರೆ!

ಕೊಡಚಾದ್ರಿ · 1:26

ಭಲೇ. ನಮ್ಮ ಮಕ್ಕಳಿಗೂ ಶನಿವಾರ ಇದನ್ನೇ ಹೇಳ್ತೀನಿ, ಅಷ್ಟರಲ್ಲಿ ಅವರಿಗೇ ಹೊಳೆಯದಿದ್ದರೆ.

ರ‍್ಯಾಂಕ್_ಗುರಿ · 2:05

ವಿಷಯಕ್ಕೆ ಬರ್ತೀನಿ. ಒಲಿಂಪಿಯಾಡ್ ದಾರಿಯಲ್ಲೇ ಹೋಗಲಿ ಅಂದರೂ ಮೊದಲ ಮೆಟ್ಟಿಲು ಐಒಕ್ಯೂಎಂ. ಅಲ್ಲಿ 3 ಗಂಟೆಗೆ 30 ಪ್ರಶ್ನೆ. ಉತ್ತರ 00ರಿಂದ 99ರೊಳಗಿನ ಸಂಖ್ಯೆ, ಅದನ್ನು ತುಂಬಿದರೆ ಸಾಕು. ಸಾಧನೆ ಯಾರೂ ಕೇಳೋದಿಲ್ಲ. ಒಂದಕ್ಕೆ ಆರು ನಿಮಿಷ. ಅಲ್ಲೂ ವೇಗ ಬೇಕೇ ಬೇಕು. ಇಲ್ಲಿ ಎಲ್ಲರೂ ವೇಗ ಅಂದ್ರೆ ಪಾಪ ಅನ್ನೋ ಹಾಗೆ ಮಾತಾಡ್ತಿದ್ದೀರಿ.

ಲೆಕ್ಕದ_ಮೇಷ್ಟ್ರು · 2:30

ಒಳ್ಳೇ ಮಾತು, ಒಪ್ಪಿದೆ. ಐಒಕ್ಯೂಎಂಗೆ ವೇಗ ಬೇಕು. ಆದರೆ ಅದರ ಮುಂದಿನ ಆರ್‌ಎಂಒದಲ್ಲಿ ಅದೇ 3 ಗಂಟೆಗೆ 6 ಪ್ರಶ್ನೆ, ಪೂರ್ತಿ ಸಾಧನೆ ಬರೆಯಬೇಕು. ವೇಗ ಮಾತ್ರ ಇದ್ದವರು ಅಲ್ಲಿ ನಿಂತುಬಿಡ್ತಾರೆ.

ನಾನು ಮಕ್ಕಳಿಗೆ ಹೇಳೋ ಕ್ರಮ ಇಷ್ಟು. ಹೊಸ ವಿಷಯ ಕಲಿಯುವಾಗ, ಅಂದ್ರೆ ಪಾರಿವಾಳ-ಗೂಡು ಅನ್ನೋದೇ ಗೊತ್ತಿಲ್ಲದಾಗ, ಬೇಗ ಉತ್ತರ ನೋಡು, ತಪ್ಪಿಲ್ಲ. ಗೊತ್ತಿಲ್ಲದ ಆಯುಧವನ್ನು ನೀನೇ ಕಂಡುಹಿಡಿ ಅನ್ನೋದು ಕ್ರೂರ. ಆಯುಧ ಗೊತ್ತಿದ್ದು ಎಲ್ಲಿ ಹಾಕಬೇಕು ಅಂತ ಹೊಳೆಯದಿದ್ದರೆ ಮಾತ್ರ ಕೂರು. ಹಾಳೆಯ ಮೇಲೆ ಹೊಸದೇನಾದರೂ ಬರ್ತಾ ಇರೋವರೆಗೂ ಕೂರು: ಚಿಕ್ಕ ಉದಾಹರಣೆ, ಸುಲಭ ಮಾಡಿದ ಪ್ರಶ್ನೆ, ಒಂದು ಊಹೆ, ಏನಾದರೂ. ಬರೆದದ್ದನ್ನೇ ಮತ್ತೆ ಮತ್ತೆ ಬರೀತಿದ್ದರೆ ಎದ್ದು ಹೋಗು, ನಾಳೆ ಬಾ. ನಾಳೆಯೂ ಹಾಗೇ ಆದರೆ ಸೊಲ್ಯೂಷನ್ನಿನ ಮೊದಲ ಎರಡು ಸಾಲು ಮಾತ್ರ ಓದಿ, ಕೈಯಲ್ಲಿ ಮುಚ್ಚಿ, ಮತ್ತೆ ಕೂರು. ಪೂರ್ತಿ ಓದಿದರೂ ವಾರ ಬಿಟ್ಟು ನೋಡದೆ ಬರಿ.

ಮಗಳು ಹತ್ತು ಸಂಖ್ಯೆಯ ಪಟ್ಟಿ ಮಾಡಿ 12 + 67 = 79 ಅಂತ ಹುಡುಕಿದ್ದಾಳೆ ನೋಡಿ, ಅದು ವ್ಯರ್ಥ ಕಾಲ ಅಲ್ಲ.

ಡಬ್ಲಿನ್_ಕನ್ನಡಿಗ · 2:48

ಇದಕ್ಕೆ ಸೇರಿಸ್ತೀನಿ. 1988ರ ಒಲಿಂಪಿಯಾಡ್, ಆಸ್ಟ್ರೇಲಿಯಾ, ಆರನೇ ಪ್ರಶ್ನೆ. ಪ್ರಶ್ನೆ ಆರಿಸುವ ಸಮಿತಿಯವರಿಗೇ ಬಿಡಿಸೋಕಾಗಿರಲಿಲ್ಲ. 11 ವಿದ್ಯಾರ್ಥಿಗಳು ಪೂರ್ತಿ 7 ಅಂಕ ತಗೊಂಡರು. ಈಗ ದೊಡ್ಡ ಗಣಿತಜ್ಞರಾಗಿರುವ ಟೆರೆನ್ಸ್ ಟಾವೊಗೆ ಅದರಲ್ಲಿ ಬಂದದ್ದು 1 ಅಂಕ. ಆದರೂ ಆ ವರ್ಷ ಚಿನ್ನ ಬಂತು, ಮುಂದೆ 2006ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕವೂ ಬಂತು. ಒಂದು ಲೆಕ್ಕ ಹೊಳೆಯದಿದ್ದರೆ ಹೆದರೋ ಮಕ್ಕಳಿಗೆ ಇದನ್ನು ಹೇಳಿ.

ಶರಾವತಿ · 4:15

9 ಸಂಖ್ಯೆಯ ಪ್ರಶ್ನೆ ಅಲ್ಲೇ ನಿಂತಿತ್ತಲ್ಲ, ಅದಕ್ಕೆ ಸಾಧನೆ ಇದೆ. ಪಿಯುಸಿ ಗಣಿತವೇ ಸಾಕು. ಯೋಚಿಸುತ್ತಿರೋರು ಮುಂದಿನ ಪ್ಯಾರಾಗಳನ್ನು ಓದಬೇಡಿ.

9 ಸಂಖ್ಯೆಗಳ ಮುಂದೆ + ಅಥವಾ − ಹಾಕಿ ಕೂಡಿಸಿ. 2⁹ = 512 ರೀತಿಯಲ್ಲಿ ಹಾಕಬಹುದು. ಒಂದೇ ಮೊತ್ತದ ಎರಡು ಗುಂಪು ಇಲ್ಲವೇ ಇಲ್ಲ ಅಂತ ಇಟ್ಟುಕೊಳ್ಳಿ. ಆಗ 512 ಉತ್ತರಗಳೂ ಬೇರೆ ಬೇರೆ: ಎರಡು ಉತ್ತರ ಒಂದೇ ಆದರೆ + ಹಾಕಿದ ಎರಡು ಗುಂಪಿನ ಮೊತ್ತವೂ ಒಂದೇ ಆಗಿಬಿಡುತ್ತೆ. ಒಂದು ಚಿಹ್ನೆ ಬದಲಿಸಿದರೆ ಉತ್ತರ ಸಮಸಂಖ್ಯೆಯಷ್ಟು ಬದಲಾಗುತ್ತೆ. ಹಾಗಾಗಿ ಎಲ್ಲ ಉತ್ತರವೂ ಸಮ, ಇಲ್ಲವೇ ಎಲ್ಲವೂ ಬೆಸ. ಅಂದ್ರೆ ಯಾವ ಎರಡರ ನಡುವೆಯೂ ಕನಿಷ್ಠ 2 ಅಂತರ. ಎಲ್ಲ ಚಿಹ್ನೆ ತಿರುಗಿಸಿದರೆ ಉತ್ತರದ ಚಿಹ್ನೆಯೂ ತಿರುಗುತ್ತೆ. ಸೊನ್ನೆ ಬರುವಂತಿಲ್ಲ, ಬಂದರೆ ಎರಡು ಸಲ ಬರಬೇಕಾಗುತ್ತೆ. ಆದ್ದರಿಂದ 256 ಧನ, 256 ಋಣ. ಧನ ಉತ್ತರಗಳು ಎಷ್ಟೇ ಚಿಕ್ಕದಾದರೂ 1, 3, 5, … 511ಕ್ಕಿಂತ ಕೆಳಗೆ ಇಳಿಯೋಕಾಗಲ್ಲ. ಹಾಗಾಗಿ ಉತ್ತರಗಳ ವರ್ಗಗಳ ಸರಾಸರಿ ಕನಿಷ್ಠ (4⁹ − 1)/3 = 87381.

ಈಗ ಅದೇ ಸರಾಸರಿಯನ್ನು ಇನ್ನೊಂದು ಕಡೆಯಿಂದ ನೋಡಿ. ವರ್ಗವನ್ನು ಬಿಡಿಸಿದರೆ ಎರಡೆರಡು ಸಂಖ್ಯೆಗಳ ಗುಣಲಬ್ಧಗಳು ಅರ್ಧ ಕಡೆ +, ಅರ್ಧ ಕಡೆ − ಬಂದು ಹೊಡೆದುಹೋಗ್ತವೆ. ಉಳಿಯೋದು 9 ಸಂಖ್ಯೆಗಳ ವರ್ಗಗಳ ಮೊತ್ತ ಮಾತ್ರ. ಎರಡಂಕಿಯಲ್ಲಿ ಅದು ಹೆಚ್ಚೆಂದರೆ 91² + 92² + … + 99² = 81285. 87381 ಮುಟ್ಟೋದೇ ಇಲ್ಲ. ಆದ್ದರಿಂದ 9 ಸಂಖ್ಯೆ ಇದ್ದರೂ ಒಂದೇ ಮೊತ್ತದ ಗುಂಪುಗಳು ಇದ್ದೇ ಇರಬೇಕು.

8ಕ್ಕೆ ಸುಳ್ಳು ಅಂತ ಸೊನ್ನೆಒಂದು ಅವರ ಪಟ್ಟಿಯೇ ತೋರಿಸಿದೆ. ಹಾಗಾಗಿ ನಿಜವಾದ ಗಡಿ 9.

ಸೊನ್ನೆಒಂದು · 4:31

ಇದು ಅದ್ಭುತ. ಕಂಪ್ಯೂಟರ್ ಇಲ್ಲ ಅಂತ ಹೇಳಿತ್ತು, ಯಾಕೆ ಇಲ್ಲ ಅಂತ ಹೇಳಿರಲಿಲ್ಲ.

ಪಿಯು_ಹುಡುಗ · 4:40

ಗುಣಲಬ್ಧ ಹೊಡೆದುಹೋಗೋದು ಒಂದು ನಿಮಿಷ ಅರ್ಥ ಆಗಲಿಲ್ಲ. ಎರಡೇ ಸಂಖ್ಯೆಗೆ ಮಾಡಿ ನೋಡಿದೆ. 3 ಮತ್ತು 5: ಉತ್ತರಗಳು 8, 2, −2, −8. ವರ್ಗಗಳು 64, 4, 4, 64. ಸರಾಸರಿ 34. 9 + 25 = 34. ಈಗ ಗೊತ್ತಾಯ್ತು ಅಕ್ಕಾ.

ರ‍್ಯಾಂಕ್_ಗುರಿ · 4:58

ಇದನ್ನ ನಮ್ಮ ಸೆಕೆಂಡ್ ಪಿಯು ಬ್ಯಾಚಿಗೆ ಒಂದು ದಿನ ತೋರಿಸ್ತೀನಿ. ಸರಾಸರಿಯೂ ವರ್ಗಗಳ ಮೊತ್ತವೂ ಅವರಿಗೆ ಹೇಗೂ ಬರುತ್ತೆ. ಆದರೆ ಹತ್ತು ನಿಮಿಷದ ಮಾತು ಎಂಟ್ರೆನ್ಸ್ ಲೆಕ್ಕಕ್ಕೆ ನಾನು ಬಿಡೋದಿಲ್ಲ.

ಲೆಕ್ಕದ_ಮೇಷ್ಟ್ರು · 5:03

ಬಿಡಬೇಡಿ. ಅಲ್ಲಿ ಅದು ಸರಿಯೇ.

ಬೆಣ್ಣೆನಗರಿ · ಸೋಮವಾರ ರಾತ್ರಿ 8:20

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರ ಚೀಟಿ ಸಾಕಾಯ್ತು. ನಿನ್ನೆ ಸಂಜೆ ನೀರು ಹಿಡಿಯೋಕೆ ಹೋದವಳು ಕೊಡ ನಲ್ಲಿ ಕೆಳಗೇ ಬಿಟ್ಟು ಓಡಿ ಬಂದು 1023, 945 ಅಂತ ಬರೆದಳು. ಎರಡೂ ಗುಂಪಿನಲ್ಲಿ ಒಂದೇ ಸಂಖ್ಯೆ ಇದ್ದರೆ ತೆಗೆದುಹಾಕಬೇಕು ಅನ್ನೋದನ್ನೂ ತಾನೇ ಬರೆದಿದ್ದಾಳೆ. ಆಮೇಲೆ ಈ ಪುಟ ಕೊಟ್ಟೆ. ಶರಾವತಿಯವರ ಸಾಧನೆಯನ್ನು ತನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡಳು.

ಲೆಕ್ಚರರ್ ಹತ್ರಾನೂ ಮಾತಾಡಿದೆ. ಒಳ್ಳೆಯವರು. ಕಾಲೇಜಿನ ಪೋರ್ಷನ್ ಹಿಂದೆ ಬೀಳದಿದ್ದರೆ ತಮ್ಮ ಅಭ್ಯಂತರ ಏನೂ ಇಲ್ಲ ಅಂದರು. ಸಂಜೆ ಒಂದು ಗಂಟೆ ಅಂತ ಒಪ್ಪಂದ ಆಗಿದೆ.

ಈಗ ಅವಳೇ ಒಂದು ಕೇಳಿದ್ದಾಳೆ. 5 ಸಂಖ್ಯೆಗೆ 6, 9, 11, 12, 13 ಅಂತ ಅವಳಿಗೂ ಸಿಕ್ಕಿದೆ, 31 ಮೊತ್ತಗಳನ್ನೂ ಬರೆದು ಬೇರೆ ಬೇರೆ ಅಂತ ನೋಡಿದ್ದಾಳೆ. ದೊಡ್ಡದು 13. ಐದೂ ಸಂಖ್ಯೆ 12ರೊಳಗೇ ಇರುವಂತೆ ಮಾಡಬಹುದಾ? ಆಗೋದಿಲ್ಲ ಅಂತ ಅವಳ ಊಹೆ, ಸಾಧಿಸೋಕೆ ಬರ್ತಿಲ್ಲ.

ಶರಾವತಿ · 8:41

ಊಹೆ ಸರಿ. ಆದರೆ ನನ್ನ ಸರಾಸರಿ ಉಪಾಯ ಇಲ್ಲಿ ಸಾಲದು, ಅದನ್ನು ಮೊದಲೇ ಹೇಳಿಬಿಡಿ. 5 ಸಂಖ್ಯೆಗೆ ಬೇಕಾದ್ದು (4⁵ − 1)/3 = 341 ಮಾತ್ರ. 8² + 9² + 10² + 11² + 12² = 510 ಇದೆ. ವಿರೋಧ ಬರೋದಿಲ್ಲ. ಬೇರೆ ದಾರಿ ಹಿಡಿಯಬೇಕು.

ಲೆಕ್ಕದ_ಮೇಷ್ಟ್ರು · 8:50

ಎರಡೆರಡು ಸಂಖ್ಯೆಗಳ ವ್ಯತ್ಯಾಸ ಬರೆದು ಶುರು ಮಾಡಲಿ. ಐದರಿಂದ ಹತ್ತು ಜೋಡಿ ಬರ್ತವೆ. ಯಾವ ವ್ಯತ್ಯಾಸ ಎರಡು ಸಲ ಬರಬಹುದು, ಬಂದರೆ ಆ ಎರಡು ಜೋಡಿ ಹೇಗಿರಬೇಕು ಅಂತ ನೋಡಲಿ. ಸೊನ್ನೆಒಂದು ಅವರೇ, ಈ ಸಲ ದಯವಿಟ್ಟು ಶನಿವಾರದವರೆಗೆ ತಡೆದುಕೊಳ್ಳಿ.

ಸೊನ್ನೆಒಂದು · 8:52

ತಡೀತೀನಿ. ನಾನೂ ಪ್ರೋಗ್ರಾಂ ಇಲ್ಲದೆ ಹಾಳೆಯಲ್ಲೇ ಮಾಡ್ತಿದ್ದೀನಿ.